ಕೆಂಪು ಬಾಟಲಿ, ಹಳೆಯ ಕೇಸ್: ಒಂದು ಯೆಜ್ಡಿ ಎಂಜಿನ್ನಿನ ಸ್ಟಡ್ ಪ್ರಕರಣ

ಹಿನ್ನೆಲೆ

ಬೈಕು ಎಂಬತ್ತರ ದಶಕದ ಯೆಜ್ಡಿ ರೋಡ್‌ಕಿಂಗ್. ಮಾಲೀಕರು ಮೈಸೂರಿನವರು, ನಿವೃತ್ತಿಯ ಅಂಚಿನಲ್ಲಿರುವ ಸರ್ಕಾರಿ ನೌಕರರು. ತಂದೆ ಓಡಿಸಿದ್ದ ಗಾಡಿಯಾದ್ದರಿಂದ ಮಾರುವ ಮಾತೇ ಇಲ್ಲ. ಗುರುತು ಸಿಗಬಾರದೆಂದು ನೋಂದಣಿ ಸಂಖ್ಯೆ, ಬಡಾವಣೆ, ವರ್ಕ್‌ಶಾಪಿನ ವಿವರಗಳನ್ನು ಬಿಟ್ಟಿದ್ದೇನೆ. ಎಂಜಿನ್ನಿನ ಸಂಗತಿಗಳನ್ನು ಮಾತ್ರ ಬಿಟ್ಟಿಲ್ಲ.

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಬೈಕು ತಯಾರಿಸಿ 1996ರಲ್ಲಿ ಬಾಗಿಲು ಹಾಕಿತು. ಚೆಕ್ ಜಾವಾದಿಂದ ಬಂದ ಎಂಜಿನ್ ವಿನ್ಯಾಸದ ಮೂಲ ಅಳತೆ ಕೊನೆಯವರೆಗೂ ಉಳಿಯಿತು: 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, 248.5 ಸಿಸಿ, ಟೂ ಸ್ಟ್ರೋಕ್. ಎಂಜಿನ್ನಿನ ಬುಡದ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸ್ (ಚುಟುಕಾಗಿ ಕೇಸ್) ಅಲ್ಯೂಮಿನಿಯಂ, ಅದರ ಮೇಲೆ ಕೂರುವ, ಪಿಸ್ಟನ್ ಓಡಾಡುವ ಬ್ಯಾರಲ್ ಎರಕದ ಕಬ್ಬಿಣ, ಎರಡನ್ನೂ ಬಿಗಿದು ಹಿಡಿಯುವ ಸ್ಟಡ್‌ಗಳು (ಎರಡೂ ತುದಿಯಲ್ಲಿ ತಿರುಪಿನ ಸುತ್ತು, ಅಂದರೆ ಥ್ರೆಡ್, ಇರುವ ತಲೆಯಿಲ್ಲದ ಬೋಲ್ಟುಗಳು) ಉಕ್ಕು. ಅಲ್ಯೂಮಿನಿಯಂ ಬಿಸಿಗೆ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಎಂಜಿನ್ ಕಾದು ತಣಿದಾಗಲೆಲ್ಲ ಸ್ಟಡ್ ಕುಳಿತಿರುವ ಥ್ರೆಡ್ ಈ ಜಗ್ಗಾಟವನ್ನು ತಾಳಿಕೊಳ್ಳಬೇಕು. ನಾಲ್ಕು ದಶಕ ತಾಳಿಕೊಂಡ ಕೇಸಿನ ಥ್ರೆಡ್ ಹೊಸದರಂತೆ ಇರಬೇಕೆಂದು ಬಯಸುವುದೇ ತಪ್ಪು.

ಕೆಲಸ ಮಾಡಿದ ಮೇಸ್ತ್ರಿ ಅದೇ ಕಾರ್ಖಾನೆಯಲ್ಲಿ ದುಡಿದವರು. ಈಗ ಮನೆಯ ಪಕ್ಕದ ಶೆಡ್ಡಿನಲ್ಲಿ ಜಾವಾ, ಯೆಜ್ಡಿ ಬಿಟ್ಟರೆ ಬೇರೆ ಗಾಡಿ ಮುಟ್ಟುವುದಿಲ್ಲ. ನಾನು ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಜೋಡಣೆ ವಿಭಾಗದಲ್ಲಿ ಬೋಲ್ಟು, ಅಂಟುಗಳ ನಡುವೆಯೇ ವೃತ್ತಿ ಕಳೆದವನು. ಸ್ಟಡ್‌ಗೆ ಯಾವ ಅಂಟು ಎಂಬ ಪ್ರಶ್ನೆ ಎದ್ದಾಗ ಮೇಸ್ತ್ರಿ ಕರೆ ಮಾಡಿದರು.

ದೂರು ಏನಿತ್ತು

ತಣ್ಣಗಿರುವಾಗ ಗಾಡಿಗೆ ಯಾವ ತಕರಾರೂ ಇರಲಿಲ್ಲ. ಎಂಜಿನ್ ಚೆನ್ನಾಗಿ ಕಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಐಡಲಿಂಗ್ ತಾನಾಗಿ ಏರುತ್ತಿತ್ತು. ಬ್ಯಾರಲ್ಲಿನ ಬುಡದಲ್ಲಿ ಕಪ್ಪು ಎಣ್ಣೆ ಜಿನುಗುತ್ತಿತ್ತು. ನಂಜನಗೂಡಿನ ರಸ್ತೆಯಲ್ಲಿ ಒಮ್ಮೆ ಪಿಸ್ಟನ್ ಹಿಡಿದುಕೊಂಡು ಹಿಂದಿನ ಚಕ್ರ ಉಜ್ಜಿಕೊಂಡು ನಿಂತಿತು. ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿದ್ದಾಯಿತು. ಕೆಲವೇ ತಿಂಗಳಲ್ಲಿ ಅದೂ ಗೀರಿಕೊಂಡಿತು.

ಈ ಮೇಸ್ತ್ರಿಯ ಬಳಿ ಬರುವ ಮುನ್ನ ಗಾಡಿ ಬೇರೆ ಕೈಗಳಲ್ಲಿ ಓಡಾಡಿತ್ತು. ಒಬ್ಬರು ಕಾರ್ಬ್ಯುರೇಟರ್‌ನ ಜೆಟ್ (ಪೆಟ್ರೋಲ್ ಇಳಿಯುವ ಸಣ್ಣ ತೂತು) ದೊಡ್ಡದು ಮಾಡಿದ್ದರು. ಇನ್ನೊಬ್ಬರು ಪೆಟ್ರೋಲಿಗೆ ಟೂ-ಟಿ ಆಯಿಲ್ ಜಾಸ್ತಿ ಹಾಕಲು ಹೇಳಿದ್ದರು. ಆಯಿಲ್ ಹೆಚ್ಚಿದಷ್ಟೂ ಅದೇ ಜೆಟ್ಟಿನಿಂದ ಇಳಿಯುವ ಪೆಟ್ರೋಲಿನ ಪಾಲು ಕಡಿಮೆಯಾಗಿ ಮಿಶ್ರಣ ತೆಳುವಾಗುತ್ತದೆ ಎಂಬುದನ್ನು ನಮ್ಮಲ್ಲಿ ಬಹಳ ಮಂದಿ ಯೋಚಿಸುವುದಿಲ್ಲ. ಮತ್ತೊಬ್ಬರು ಬ್ಯಾರಲ್ ಬುಡದ ಪ್ಯಾಕಿಂಗಿಗೆ ಎರಡೂ ಕಡೆ ಸಿಲಿಕೋನ್ ಪೇಸ್ಟನ್ನು ದಪ್ಪಗೆ ಬಳಿದಿದ್ದರು. ಜಿನುಗುವುದು ಒಂದು ವಾರ ನಿಂತು ಮತ್ತೆ ಶುರುವಾಯಿತು.

ಮೇಸ್ತ್ರಿ ಮೊದಲು ಮಾಡಿದ ಕೆಲಸ ಸರಳವಾದದ್ದು. ಎಂಜಿನ್ನನ್ನು ಕಾಯಿಸಿ ಐಡಲಿಂಗ್‌ನಲ್ಲಿ ಬಿಟ್ಟು, ಬ್ಯಾರಲ್ಲಿನ ಬುಡಕ್ಕೆ ಸುತ್ತಲೂ ಕಾರ್ಬ್ಯುರೇಟರ್ ಕ್ಲೀನರನ್ನು ಸಣ್ಣಗೆ ಸಿಂಪಡಿಸಿದರು. ಹಿಂದಿನ ಎಡ ಮೂಲೆಗೆ ಬಂದಾಗ ಎಂಜಿನ್ನಿನ ಸದ್ದು ಬದಲಾಯಿತು. ಕ್ಲೀನರ್ ಒಳಗೆ ಎಳೆದುಕೊಳ್ಳುತ್ತಿದೆ ಎಂದರೆ ಗಾಳಿಯನ್ನೂ ಎಳೆದುಕೊಳ್ಳುತ್ತಿದೆ ಎಂದೇ ಅರ್ಥ. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ಕೇಸೇ ಪಂಪು. ಅಲ್ಲಿ ಕದ್ದು ನುಗ್ಗುವ ಗಾಳಿ ಮಿಶ್ರಣವನ್ನು ತೆಳು ಮಾಡುತ್ತದೆ, ತೆಳು ಮಿಶ್ರಣ ಪಿಸ್ಟನ್ನನ್ನು ಸುಡುತ್ತದೆ. ಜೆಟ್, ಆಯಿಲ್ ಎರಡೂ ನಿರಪರಾಧಿಗಳು.

ಆ ಮೂಲೆಯ ನಟ್ಟಿಗೆ ಸ್ಪ್ಯಾನರ್ ಹಾಕಿದರೆ ನಟ್ಟು ಸ್ಟಡ್ಡನ್ನೂ ಕರೆದುಕೊಂಡೇ ಮೇಲೆದ್ದಿತು. ಸ್ಟಡ್ಡಿನ ಕೆಳತುದಿಯನ್ನು ನಾನು ಆಮೇಲೆ ಭೂತಗನ್ನಡಿಯಲ್ಲಿ ನೋಡಿದೆ. ಥ್ರೆಡ್ಡಿನ ಕಣಿವೆಗಳಲ್ಲಿ ಇಟ್ಟಿಗೆ ಬಣ್ಣದ ಗಟ್ಟಿ ಹೊಪ್ಪಳೆ, ಅದಕ್ಕೆ ಅಂಟಿಕೊಂಡು ಕೂದಲೆಳೆಯಷ್ಟು ತೆಳುವಾದ ಅಲ್ಯೂಮಿನಿಯಂ ಸುರುಳಿ. ಕೇಸಿನ ಥ್ರೆಡ್ಡೇ ಕಿತ್ತು ಬಂದಿತ್ತು.

ಹಿಂದೆ ನಡೆದಿರಬೇಕಾದದ್ದು

ಹೊಪ್ಪಳೆಯ ಬಣ್ಣ ನೋಡಿ ಊಹಿಸುವುದು ಕಷ್ಟವಾಗಲಿಲ್ಲ. ಎಂದೋ ಸ್ಟಡ್ ಸಡಿಲವಾಗಿದೆ. ಥ್ರೆಡ್ ಸವೆದಿದೆ ಎಂದು ಗೊತ್ತಿದ್ದೂ ಯಾರೋ ಅತಿ ಬಿಗಿ ಹಿಡಿಯುವ ಕೆಂಪು ಥ್ರೆಡ್‌ಲಾಕರನ್ನು (ಬೋಲ್ಟು ಸಡಿಲಾಗದಂತೆ ಥ್ರೆಡ್ಡಿಗೆ ಹಚ್ಚುವ ಅಂಟು) ತುಂಬಿ, ಸ್ಟಡ್ ತಿರುಗಿಸಿ ಕೂರಿಸಿದ್ದಾರೆ. ಸಾಲದ್ದಕ್ಕೆ ಮೇಲಿನ ನಟ್ಟಿಗೂ ಅದನ್ನೇ ಸುರಿದಿದ್ದಾರೆ. ಸ್ವಲ್ಪ ಕಾಲ ಎಲ್ಲವೂ ಗಟ್ಟಿಯಾಗಿ ಕಂಡಿರುತ್ತದೆ. ಆದರೆ ಅಂಟು ಥ್ರೆಡ್ಡಿನ ಸಂದು ತುಂಬಬಲ್ಲದೇ ಹೊರತು ಹೋದ ಥ್ರೆಡ್ಡಿನ ಕೆಲಸ ಮಾಡಲಾರದು. ಎಳೆತವನ್ನು ಹೊರಬೇಕಾದದ್ದು ಲೋಹ. ಅಂಟಿನ ಕೆಲಸ, ಸ್ಟಡ್ ತಿರುಗದಂತೆ ಹಿಡಿಯುವುದು ಮಾತ್ರ.

ಥ್ರೆಡ್‌ಲಾಕರ್ ಗಾಳಿಗೆ ಒಣಗುವ ಅಂಟಲ್ಲ. ಆಮ್ಲಜನಕ ಇರುವ ತನಕ ಅದು ದ್ರವವಾಗಿಯೇ ಇರುತ್ತದೆ. ಗಾಳಿ ಸುಳಿಯದ ಸಂದಿನಲ್ಲಿ, ಲೋಹದ ಅಯಾನುಗಳ ಸಂಪರ್ಕದಲ್ಲಿ ಗಟ್ಟಿಯಾಗುತ್ತದೆ. ಅಮೆರಿಕದ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ವರ್ನನ್ ಕ್ರೀಬಲ್ 1953ರಲ್ಲಿ ಇಂಥ ದ್ರವವನ್ನು ಬಾಟಲಿಯಲ್ಲಿಟ್ಟು ಮಾರಬಹುದಾದ ಹದಕ್ಕೆ ತಂದರು. ಲಾಕ್‌ಟೈಟ್ ಹುಟ್ಟಿದ್ದು ಹಾಗೆ. ಬಾಟಲಿಯನ್ನು ಅರ್ಧ ಖಾಲಿ ಬಿಟ್ಟಿರುವುದು, ಗಾಳಿಯಾಡುವ ಪ್ಲಾಸ್ಟಿಕ್‌ನಲ್ಲಿ ತುಂಬುವುದು ದ್ರವವನ್ನು ದ್ರವವಾಗಿಯೇ ಇಡಲು. ನಮ್ಮ ಮಾಲೀಕರು ಇದು ತಿಳಿಯದೆ, ಅಳತೆ ಕಡಿಮೆ ಇದೆಯೆಂದು ಅಂಗಡಿಯವರೊಂದಿಗೆ ಜಗಳವಾಡಿ ಇನ್ನೊಂದು ಬಾಟಲಿ ತಂದಿದ್ದರು. ಅದೂ ಅರ್ಧವೇ ಇತ್ತು.

ಮೊದಲ ನಿರ್ಧಾರ: ಉಳಿದ ಸ್ಟಡ್‌ಗಳನ್ನು ಏನು ಮಾಡುವುದು

ಉಳಿದ ಸ್ಟಡ್‌ಗಳು ಅಲುಗುತ್ತಿರಲಿಲ್ಲ. ಬಿಟ್ಟುಬಿಡೋಣ ಎಂದು ಮಾಲೀಕರು. ಜುಲೈ ಎರಡನೆಯ ಭಾನುವಾರ ಬರುವ, ಜಾವಾ, ಯೆಜ್ಡಿ ಪ್ರಿಯರು ಸೇರುವ ಜಾವಾ ದಿನಕ್ಕೆ ಗಾಡಿ ಬೇಕೇ ಬೇಕು ಎಂಬ ಅವಸರ ಅವರದು. ಮೇಸ್ತ್ರಿ ಒಪ್ಪಲಿಲ್ಲ. "ಒಂದಕ್ಕೆ ಕೆಂಪು ಹಾಕಿದವರು ಎಲ್ಲಕ್ಕೂ ಹಾಕಿರುತ್ತಾರೆ ಸರ್. ಇಂದು ಬಿಟ್ಟರೆ ನಾಳೆ ಬ್ಯಾರಲ್ ಇಳಿಸುವಾಗ ಅದೇ ಕಥೆ," ಎಂದರು. ನಾನೂ ಅವರ ಪಕ್ಷ. ಒಂದು ಮೂಲೆ ಸೋತಾಗ ಅದರ ಹೊರೆ ಉಳಿದ ಮೂಲೆಗಳ ಮೇಲೆ ಬಿದ್ದಿರುತ್ತದೆ, ಅವುಗಳ ಥ್ರೆಡ್ ಹೇಗಿದೆಯೆಂದು ನೋಡದೆ ಬ್ಯಾರಲ್ ಕೂರಿಸುವುದು ಕಣ್ಣುಮುಚ್ಚಾಲೆ.

ಕೆಂಪು ಅಂಟನ್ನು ಬಿಡಿಸಲು ಬಲ ಬೇಡ, ಬಿಸಿ ಬೇಕು. ತಯಾರಕರ ಸೂಚನೆಯಂತೆ ಜೋಡಣೆಯನ್ನು ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಬಿಸಿಯಿರುವಾಗಲೇ ತಿರುಗಿಸಬೇಕು. ಆ ಬಿಸಿಗೆ ಕೇಸಿನೊಳಗಿನ ಆಯಿಲ್ ಸೀಲುಗಳು ಉಳಿಯುವುದಿಲ್ಲ. ಹೀಗಾಗಿ ಎಂಜಿನ್ ಪೂರ್ತಿ ಬಿಚ್ಚಿ, ಕ್ರ್ಯಾಂಕ್, ಬೇರಿಂಗ್, ಸೀಲು ಎಲ್ಲ ತೆಗೆದು ಬರಿಯ ಕೇಸ್ ಮಾಡಿಕೊಳ್ಳಬೇಕಾಯಿತು. ಖರ್ಚು ಏರಿತು, ಜಾವಾ ದಿನ ಕೈತಪ್ಪುವುದು ಅಂದೇ ಖಚಿತವಾಯಿತು. ಮಾಲೀಕರು ಎರಡು ದಿನ ಮೇಸ್ತ್ರಿಯ ಕರೆ ಎತ್ತಲಿಲ್ಲ.

ಗ್ಯಾಸ್ ವೆಲ್ಡಿಂಗ್ ಜ್ವಾಲೆ ಹಿಡಿದರೆ ಬೇಗ ಆಗುತ್ತಿತ್ತು, ಆದರೆ ಅಲ್ಯೂಮಿನಿಯಂ ಕೆಂಪಗಾಗಿ ಎಚ್ಚರಿಸುವ ಲೋಹವಲ್ಲ. ನೋಡುತ್ತಿದ್ದಂತೆಯೇ ಕುಸಿಯುತ್ತದೆ. ಮೇಸ್ತ್ರಿ ಬಿಸಿಗಾಳಿಯ ಗನ್ ಬಳಸಿದರು. ನಾನು ಒಯ್ದಿದ್ದ ಇನ್‌ಫ್ರಾರೆಡ್ ತಾಪಮಾಪಕ ಹೊಳೆಯುವ ಅಲ್ಯೂಮಿನಿಯಂ ಮೇಲೆ ನಂಬಲಾಗದಷ್ಟು ಕಡಿಮೆ ತೋರಿಸಿತು. ಹೊಳಪಿನ ಲೋಹ ತನ್ನ ಬಿಸಿಯನ್ನು ಅಷ್ಟಾಗಿ ಹೊರಸೂಸುವುದಿಲ್ಲ, ಸುತ್ತಲಿನದನ್ನೇ ಪ್ರತಿಫಲಿಸುತ್ತದೆ. ಸ್ಟಡ್ಡಿನ ಬುಡದಲ್ಲಿ ಬಿಸಿ ತಾಳುವ ಕಪ್ಪು ಬಣ್ಣದ ಚುಕ್ಕೆ ಹಚ್ಚಿ ಅದರ ಮೇಲೆ ಹಿಡಿದಾಗ ಅಂಕಿ ಸರಿಯಾಯಿತು. ಮೇಸ್ತ್ರಿಗೆ ಆ ಯಂತ್ರದ ಮೇಲೆ ವಿಶ್ವಾಸ ಬರಲಿಲ್ಲ. ಬೆಸುಗೆಯ ತವರದ ತಂತಿಯನ್ನು ಕೇಸಿಗೆ ತಾಗಿಸುತ್ತಾ ಹೋದರು. ಸಾಮಾನ್ಯ ಬೆಸುಗೆ ತವರ 183ರಿಂದ 190 ಡಿಗ್ರಿಯ ನಡುವೆ ಕರಗುತ್ತದೆ. ಅದು ಕರಗಿ ಜಾರಿದ ಮೇಲೂ ಸ್ವಲ್ಪ ಹೊತ್ತು ಬಿಸಿ ಕೊಟ್ಟು, ಸ್ಟಡ್ಡಿನ ಮೇಲೆ ಎರಡು ನಟ್ಟುಗಳನ್ನು ಒಂದಕ್ಕೊಂದು ಬಿಗಿದು, ಕೆಳಗಿನ ನಟ್ಟಿಗೆ ಸ್ಪ್ಯಾನರ್ ಹಾಕಿದರು. ಸ್ಟಡ್ ಬೆಣ್ಣೆಯೊಳಗಿನಂತೆ ತಿರುಗಿತು. ಎಲ್ಲವೂ ಹಾಗೆಯೇ ಬಂದವು, ಒಂದರಲ್ಲೂ ಅಲ್ಯೂಮಿನಿಯಂ ಚೂರಿರಲಿಲ್ಲ. ಇವುಗಳ ಥ್ರೆಡ್ ಸವೆದಿದ್ದರೂ ಹಿಡಿತ ಉಳಿದಿತ್ತು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ತಿರುವು ಇದೇ. ತಣ್ಣಗೆ ತಿರುಚಿದ್ದರೆ ಪ್ರತಿ ಮೂಲೆಗೂ ಹೊಸ ಥ್ರೆಡ್ ಹಾಕಿಸಬೇಕಾಗುತ್ತಿತ್ತು.

ಕಿತ್ತುಹೋದ ರಂಧ್ರ

ಹಿಂದಿನ ಎಡ ಮೂಲೆಗೆ ಮೂರು ದಾರಿಗಳಿದ್ದವು. ಕೆಳಗೆ ದಪ್ಪ, ಮೇಲೆ ಮೂಲ ಅಳತೆಯಿರುವ ಮೆಟ್ಟಿಲು ಸ್ಟಡ್ಡನ್ನು ಲೇತಿನಲ್ಲಿ ಮಾಡಿಸುವುದು, ವೆಲ್ಡಿಂಗ್ ತುಂಬಿಸಿ ಮತ್ತೆ ಕೊರೆಯುವುದು, ಕಿತ್ತ ರಂಧ್ರಕ್ಕೆ ಹೊಸ ಥ್ರೆಡ್ ಕೊಡುವ ಹೆಲಿಕಾಯಿಲ್ ಹಾಕುವುದು. ವೆಲ್ಡಿಂಗ್ ಎಂದರೆ ಎಣ್ಣೆ ಕುಡಿದ ಹಳೆಯ ಎರಕದಲ್ಲಿ ಗುಳ್ಳೆ, ಕೇಸಿನ ಮುಖ ಸೊಟ್ಟಗಾಗುವ ಅಪಾಯ. ಮೆಟ್ಟಿಲು ಸ್ಟಡ್ ಒಳ್ಳೆಯದೇ, ಆದರೆ ಒಳ್ಳೆಯ ಉಕ್ಕು ಮತ್ತು ಮೆಟ್ಟಿಲಿನ ಮೂಲೆಯನ್ನು ದುಂಡಗೆ ತಿರುವುವ ಕೈ ಎರಡೂ ಸಿಗಬೇಕು. ಮೂಲೆ ಚೂಪಾಗಿ ಉಳಿದರೆ ಸ್ಟಡ್ ಮುರಿಯುವುದು ಅಲ್ಲೇ. ಹೆಲಿಕಾಯಿಲ್ ಆರಿಸಿದೆವು.

ಆ ಆಯ್ಕೆ ಅಂಟಿನ ಆಯ್ಕೆಯನ್ನೂ ಅರ್ಧ ನಿರ್ಧರಿಸಿಬಿಟ್ಟಿತು. ಹೆಲಿಕಾಯಿಲ್ ಎಂದರೆ ಸ್ಟೇನ್‌ಲೆಸ್ ತಂತಿಯ ಸುರುಳಿ. ಅದರೊಳಗೆ ಕೆಂಪು ಅಂಟು ಹಾಕಿದರೆ ಮುಂದೆ ಸ್ಟಡ್ ತೆಗೆಯುವಾಗ ಸುರುಳಿಯೂ ಅದರ ಹಿಂದೆ ಬಿಚ್ಚಿಕೊಂಡು ಬರುತ್ತದೆ.

ಅಂಟಿನ ವಾದ

ಮಾಲೀಕರು ತಂದಿದ್ದದ್ದು ಕೆಂಪು. ಅಂಗಡಿಯವರು "ಎಂಜಿನ್ನಿಗಾದರೆ ಇದೇ, ಇದಕ್ಕಿಂತ ಗಟ್ಟಿಯಾದದ್ದಿಲ್ಲ" ಎಂದಿದ್ದರಂತೆ. ಆ ಮಾತಿನಲ್ಲಿ ಸುಳ್ಳಿಲ್ಲ. ಲಾಕ್‌ಟೈಟ್‌ನ 271, 270 ಮುಂತಾದವು ಸ್ಟಡ್‌ಗಳಿಗೆಂದೇ ಹೆಸರಾದ ಅತಿ ಬಿಗಿಯ ಅಂಟುಗಳು. ಎರಕದ ಕಬ್ಬಿಣದ ಕೇಸ್, ಹೊಸ ಥ್ರೆಡ್, ಎಂದೂ ತೆಗೆಯುವ ಉದ್ದೇಶವಿಲ್ಲದ ಸ್ಟಡ್ ಇದ್ದರೆ ನಾನೂ ಅದನ್ನೇ ಹಾಕುತ್ತೇನೆ. ಬಣ್ಣವನ್ನು ನಂಬಿ ಕೊಳ್ಳುವುದು ಬೇರೆ ಮಾತು. 270ರ ದ್ರವ ಹಸಿರು, ಜೋಡಿಸಿದ ಮೇಲೆ ಹರಿಯಬಿಡುವ ತೆಳುವಾದ 290 ಕೂಡ ಹಸಿರು. ಅವುಗಳ ಸ್ವಭಾವ ಬೇರೆ ಬೇರೆ. ಸಂಖ್ಯೆ ಓದಿಯೇ ಕೊಳ್ಳಬೇಕು.

ನನ್ನ ವಾದ ಹೀಗಿತ್ತು. ಹಳೆಯ ಎಂಜಿನ್ನಿನ ಜೋಡಣೆಯಲ್ಲಿ ಯಾವುದೋ ಒಂದು ಮೊದಲು ಸೋಲಲೇಬೇಕು. ಅದು ಕೇಸ್ ಆಗಬಾರದು. ಕೇಸ್ ಇನ್ನೊಂದು ಸಿಗುವುದಿಲ್ಲ, ಸಿಕ್ಕರೂ ಎಂಜಿನ್ ನಂಬರ್ ಬೇರೆ. ಅಂಟಿನ ಹಿಡಿತ ಸವೆದ ಅಲ್ಯೂಮಿನಿಯಂ ಥ್ರೆಡ್ಡಿನ ಶಕ್ತಿಗಿಂತ ಕೆಳಗೇ ಇರಬೇಕು, ಆದರೆ ನಟ್ಟನ್ನು ಬಿಚ್ಚುವಾಗ ಸ್ಟಡ್ ಹಿಂಬಾಲಿಸದಷ್ಟು ಇರಬೇಕು. ಆ ನಡುವಿನ ಜಾಗಕ್ಕೆ ಹೊಂದುವುದು ಮಧ್ಯಮ ಬಿಗಿಯ ನೀಲಿ, ಅದರಲ್ಲೂ ಅಲ್ಪಸ್ವಲ್ಪ ಎಣ್ಣೆ ಸಹಿಸುವ 243. ಬಿಸಿಯ ಚಿಂತೆ ಇಲ್ಲಿ ದೊಡ್ಡದಲ್ಲ. 243 ತಾಳುವ ಮಿತಿ 180 ಡಿಗ್ರಿ, ಕೇಸಿನ ಬಿಸಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಸೈಲೆನ್ಸರ್ ಪೈಪು ಕೂರುವ ಜಾಗದ ಮಾತೇ ಬೇರೆ. ಅಲ್ಲಿ ಯಾವ ಥ್ರೆಡ್‌ಲಾಕರೂ ಬೇಡ, ತಾಮ್ರದ ಗ್ರೀಸ್ ಸಾಕು.

ಮೇಸ್ತ್ರಿಯ ಆಕ್ಷೇಪ ತೂಕದ್ದೇ. "ಕಾರ್ಖಾನೆಯಲ್ಲಿ ನಾವು ಬಿಗಿಯಾಗಿ ಕೂರಿಸುತ್ತಿದ್ದೆವು, ಅಂಟಿನ ಮಾತೇ ಇರಲಿಲ್ಲ. ನೀಲಿ ಹಿಡಿಯದಿದ್ದರೆ ಮತ್ತೆ ಬಿಚ್ಚುವವನು ನಾನು," ಎಂದರು. ಒಂದು ರಂಧ್ರದಲ್ಲಿ ಮಾಡಿ ನೋಡೋಣ, ಹಿಡಿಯದಿದ್ದರೆ ನಿಮ್ಮ ದಾರಿಯೇ ಸರಿ ಎಂದು ಒಪ್ಪಂದವಾಯಿತು.

ಮೊದಲ ಯತ್ನ ಸೋತದ್ದು

ಮಾಲೀಕರು ಹೊಸ ಸ್ಟಡ್‌ಗಳನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಸಿ ತಂದಿದ್ದರು. ಹೊಳೆಯುತ್ತವೆ, ತುಕ್ಕು ಹಿಡಿಯುವುದಿಲ್ಲ ಎಂಬುದು ಅವರ ಹೆಮ್ಮೆ. ರಂಧ್ರವನ್ನು ಪೆಟ್ರೋಲಿನಲ್ಲಿ ತೊಳೆದು, ಸ್ಟಡ್ಡಿಗೆ ನೀಲಿ ಹಚ್ಚಿ ಕೂರಿಸಿ, ಒಂದು ಹಗಲು ರಾತ್ರಿ ಬಿಟ್ಟು ನೋಡಿದರೆ ಸ್ಟಡ್ ಕೈಯಲ್ಲೇ ತಿರುಗಿತು. ಅಂಟು ಇನ್ನೂ ಜಿಗುಟು ದ್ರವವಾಗಿತ್ತು. ಮೇಸ್ತ್ರಿ ಏನೂ ಹೇಳದೆ ಕೆಂಪು ಬಾಟಲಿಯನ್ನು ಎತ್ತಿ ನನ್ನ ಮುಂದಿಟ್ಟರು.

ಕೆಂಪು ಹಾಕಿದ್ದರೂ ಅಂದು ಅದೇ ಗತಿಯಾಗುತ್ತಿತ್ತು. ಈ ಅಂಟು ಗಟ್ಟಿಯಾಗಲು ಕಬ್ಬಿಣ ಅಥವಾ ತಾಮ್ರದ ಅಯಾನು ಬೇಕು. ಸ್ಟೇನ್‌ಲೆಸ್, ಅಲ್ಯೂಮಿನಿಯಂ, ಸತುವಿನ ಲೇಪನ ಈ ವಿಷಯದಲ್ಲಿ ಸೋಮಾರಿಗಳು. ಅಲ್ಯೂಮಿನಿಯಂ ರಂಧ್ರದಲ್ಲಿ ಮಾಮೂಲಿ ಉಕ್ಕಿನ ಸ್ಟಡ್ ಕೂತರೆ ಒಂದು ಮೈಯಿಂದಾದರೂ ಕಬ್ಬಿಣ ಸಿಗುತ್ತದೆ. ಸ್ಟೇನ್‌ಲೆಸ್ ಸ್ಟಡ್ ಕೂತರೆ ಎರಡೂ ಕಡೆ ನಿಷ್ಕ್ರಿಯ. ಅಂಥ ಜೋಡಿಗೆ ಮೊದಲು ಆಕ್ಟಿವೇಟರ್ (ಅಂಟು ಗಟ್ಟಿಯಾಗಲು ನೆರವಾಗುವ ದ್ರವ) ಸಿಂಪಡಿಸಬೇಕು. ನಮ್ಮ ಊರಿನ ಅಂಗಡಿಗಳಲ್ಲಿ ಅದು ಸಿಗಲಿಲ್ಲ.

ಎರಡನೆಯ ತೊಡಕು ಪೆಟ್ರೋಲಿನದು. ತೊಳೆಯಲು ಬಳಸಿದ್ದು ಅದೇ ಗಾಡಿಯ ಟ್ಯಾಂಕಿನಿಂದ ಹಿಡಿದ ಪೆಟ್ರೋಲ್. ಅದರಲ್ಲಿ ಟೂ-ಟಿ ಆಯಿಲ್ ಬೆರೆತೇ ಇರುತ್ತದೆ! ಟೂ ಸ್ಟ್ರೋಕ್ ಗ್ಯಾರೇಜುಗಳಲ್ಲಿ ಇದು ನಿತ್ಯದ ರೂಢಿ, ಯಾರೂ ಗಮನಿಸುವುದಿಲ್ಲ. ಪೆಟ್ರೋಲ್ ಆರುತ್ತದೆ, ಎಣ್ಣೆಯ ಪೊರೆ ಉಳಿಯುತ್ತದೆ. 243 ಎಣ್ಣೆ ಸಹಿಸುತ್ತದೆ ಎಂದರೆ ಎಣ್ಣೆಯಲ್ಲಿ ಮುಳುಗಿಸಬಹುದು ಎಂದಲ್ಲ.

ಸ್ಟೇನ್‌ಲೆಸ್ ಬಿಡಿಸಲು ಮಾಲೀಕರನ್ನು ಒಪ್ಪಿಸುವುದೇ ಅಂಟಿನ ಕೆಲಸಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಕೊನೆಗೆ ಕೆಲಸಕ್ಕೆ ಬಂದ ವಾದ ಬಲದ್ದು. ಮಾಮೂಲಿ ಎ2-70 ದರ್ಜೆಯ ಸ್ಟೇನ್‌ಲೆಸ್ 450 ಮೆಗಾಪ್ಯಾಸ್ಕಲ್ ಎಳೆತಕ್ಕೆ ಶಾಶ್ವತವಾಗಿ ಹಿಗ್ಗಲು ಶುರುವಾದರೆ, 8.8 ದರ್ಜೆಯ ಉಕ್ಕು 640ರವರೆಗೆ ತಡೆಯುತ್ತದೆ. ಮೇಲಾಗಿ ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಸ್ಟಡ್ಡಿನ ಮೇಲೆ ಕಚ್ಚಿಕೊಂಡು ನಿಂತರೆ ಮತ್ತೆ ಮೊದಲಿನ ಕಥೆ. "ಹೊಳಪು ಬ್ಯಾರಲ್ಲಿನ ಬುಡದಲ್ಲಿ ಯಾರಿಗೆ ಕಾಣುತ್ತದೆ ಸರ್," ಎಂದು ಮೇಸ್ತ್ರಿ ಸೇರಿಸಿದ ಮೇಲೆ ಅವರು ನಕ್ಕು ಸುಮ್ಮನಾದರು.

ಎರಡನೆಯ ಯತ್ನ

ಈ ಸಲ ಕೇಸನ್ನು ಮತ್ತೊಮ್ಮೆ ಹದವಾಗಿ ಕಾಯಿಸಿದೆವು. ರಂಧ್ರಗಳ ಬಾಯಲ್ಲಿ ಎಣ್ಣೆ ಬೆವರಿನಂತೆ ಮೂಡಿತು. ಅದನ್ನು ಒರೆಸಿ, ತಣಿದ ಮೇಲೆ ಅಸಿಟೋನ್‌ನಲ್ಲಿ ತೊಳೆದು, ಬಿಳಿ ಬಟ್ಟೆಯ ಬತ್ತಿ ತಿರುವಿ ಅದು ಬಿಳಿಯಾಗಿಯೇ ಹೊರಬರುವ ತನಕ ಬಿಡಲಿಲ್ಲ. ಹಳೆಯ ಹೊಪ್ಪಳೆ ತೆಗೆಯಲು ಟ್ಯಾಪ್ (ರಂಧ್ರದಲ್ಲಿ ಥ್ರೆಡ್ ಕೊರೆಯುವ ಉಪಕರಣ) ಬಳಸಲಿಲ್ಲ. ಕತ್ತರಿಸುವ ಟ್ಯಾಪ್ ಮೊದಲೇ ಸೊರಗಿದ ಥ್ರೆಡ್ಡಿನಿಂದ ಇನ್ನಷ್ಟು ಹೆರೆಯುತ್ತದೆ. ಮೇಸ್ತ್ರಿ ಹಳೆಯ ಸ್ಟಡ್ಡೊಂದರ ತುದಿಗೆ ಹ್ಯಾಕ್ಸಾದಿಂದ ಉದ್ದುದ್ದ ಗೀರು ಹಾಕಿ, ಅದನ್ನೇ ತಿರುವಿ ತಿರುವಿ ಕಸ ಹೊರತೆಗೆದರು. ಆ ಉಪಾಯ ಅವರದೇ. ನಾನು ಈಗ ಎಲ್ಲ ಕಡೆ ಅದನ್ನೇ ಹೇಳುತ್ತೇನೆ.

ತಳ ಮುಚ್ಚಿದ ರಂಧ್ರಕ್ಕೆ ಅಂಟನ್ನು ಸ್ಟಡ್ಡಿಗಷ್ಟೇ ಹಚ್ಚಿದರೆ ಒಳಗಿನ ಗಾಳಿ ಹೊರಬರುವಾಗ ಅದನ್ನೂ ತಳ್ಳಿಕೊಂಡು ಬರುತ್ತದೆ. ರಂಧ್ರದ ತಳಕ್ಕೂ ಒಂದೆರಡು ಹನಿ ಬಿಡಬೇಕು. ಹೆಚ್ಚಾದರೆ ಸ್ಟಡ್ ದ್ರವವನ್ನು ಒತ್ತಿ, ಹೋಗಲು ದಾರಿಯಿಲ್ಲದೆ ಎರಕವನ್ನೇ ಸೀಳಬಹುದು. ಸ್ಟಡ್ಡನ್ನು ತಳಕ್ಕೆ ಗುದ್ದಿ ಬಿಗಿಯುವ ರೂಢಿಯನ್ನೂ ಕೈಬಿಟ್ಟೆವು. ಹೊರಗೆ ಉಳಿಯಬೇಕಾದ ಉದ್ದವನ್ನು ಅಳೆದು, ಕೈಬಿಗಿಯಲ್ಲೇ ಅಲ್ಲಿಗೆ ನಿಲ್ಲಿಸಿದೆವು. ಮೇಲಿನ ನಟ್ಟಿಗೆ ಅಂಟಿಲ್ಲ, ಬರಿಯ ಒಂದು ಹನಿ ಎಣ್ಣೆ ಮತ್ತು ಹೊಸ ವಾಷರ್.

ಇಪ್ಪತ್ತನಾಲ್ಕು ಗಂಟೆಯ ನಂತರ ಎರಡು ನಟ್ಟು ಬಿಗಿದು ಹಿಮ್ಮುಖವಾಗಿ ಹಗುರಾಗಿ ತಿರುಗಿಸಿ ನೋಡಿದರು ಮೇಸ್ತ್ರಿ. ಯಾವುದೂ ಕದಲಲಿಲ್ಲ. ಸಿಲಿಕೋನ್ ಪೇಸ್ಟ್ ಇಲ್ಲದೆ ತೆಳು ಪ್ಯಾಕಿಂಗ್ ಮೇಲೆ ಬ್ಯಾರಲ್ ಕೂತಿತು. ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಎದುರುಬದುರಾಗಿ, ಹಂತ ಹಂತವಾಗಿ ಬಿಗಿದರು. ಒಮ್ಮೆ ಓಡಿಸಿ, ಪೂರ್ತಿ ತಣಿದ ಮೇಲೆ ಮತ್ತೊಮ್ಮೆ ನೋಡಿದರು.

ಆಮೇಲೆ

ಜಾವಾ ದಿನ ಮುಗಿದು ಎಷ್ಟೋ ದಿನಗಳಾಗಿದ್ದವು. ಮಾಲೀಕರು ಅಂದು ಗೆಳೆಯರೊಬ್ಬರ ಗಾಡಿಯ ಹಿಂದಿನ ಸೀಟಿನಲ್ಲಿ ಹೋಗಿ ಬಂದಿದ್ದರಂತೆ. ಅವರ ಗಾಡಿಯಲ್ಲಿ ಈಗ ಐಡಲಿಂಗ್ ಏರುವುದು ನಿಂತಿದೆ, ಬ್ಯಾರಲ್ಲಿನ ಬುಡ ಒಣಗಿದೆ, ಜೆಟ್ ಮೂಲ ಅಳತೆಗೆ ಮರಳಿದೆ.

ನಿಜವಾದ ಪರೀಕ್ಷೆ ಬಂದದ್ದು ಮುಂದಿನ ವರ್ಷ, ಕಾರ್ಬನ್ ತೆಗೆಯಲು ಬ್ಯಾರಲ್ ಇಳಿಸಿದಾಗ. ಮೂಲ ಥ್ರೆಡ್ ಉಳಿದಿದ್ದ ಮೂಲೆಗಳಲ್ಲಿ ನಟ್ಟು ಬಂತು, ಸ್ಟಡ್ ನಿಂತಿತು. ಹಿಂದಿನ ಎಡ ಮೂಲೆಯಲ್ಲಿ ಮಾತ್ರ ಸ್ಟಡ್ ನಟ್ಟಿನ ಹಿಂದೆಯೇ ಬಂತು. ಹೆಲಿಕಾಯಿಲ್ಲಿನ ಸ್ಟೇನ್‌ಲೆಸ್ ತಂತಿಯ ಮೇಲೆ ಅಂಟು ಅರೆಬರೆ ಹಿಡಿದಿತ್ತು. ಮೇಸ್ತ್ರಿ ಕರೆ ಮಾಡಿ, "ನಿಮ್ಮ ನೀಲಿ ಒಂದು ಕಡೆ ಸೋತಿದೆ," ಎಂದರು. ಸುರುಳಿ ಬಂತೇ ಎಂದು ಕೇಳಿದೆ. ಸುರುಳಿ ಕೇಸಿನಲ್ಲೇ ಕೂತಿತ್ತು, ಒಂದು ಸುತ್ತೂ ಅಲುಗಿರಲಿಲ್ಲ. ಕೆಂಪು ಹಾಕಿದ್ದರೆ ಏನಾಗುತ್ತಿತ್ತು ಎಂದು ಇಬ್ಬರೂ ಹೇಳಿಕೊಳ್ಳಲಿಲ್ಲ.

ಈ ಸಲ ನಾನು ಕಾರ್ಖಾನೆಗೆ ಸರಕು ಕೊಡುವವರ ಮೂಲಕ ಆಕ್ಟಿವೇಟರ್ ತರಿಸಿಕೊಟ್ಟೆ. ಆ ಮೂಲೆಗೆ ಅದನ್ನು ಸಿಂಪಡಿಸಿ, ಅದೇ ನೀಲಿಯಲ್ಲಿ ಮತ್ತೆ ಕೂರಿಸಿದ್ದಾರೆ. ಯಾವ ಮೂಲೆಗೆ ಯಾವ ಸಂಖ್ಯೆಯ ಅಂಟು, ಎಲ್ಲಿ ಹೆಲಿಕಾಯಿಲ್ ಇದೆ ಎಂಬುದನ್ನು ಮೇಸ್ತ್ರಿ ಬಿಲ್ಲಿನ ಹಿಂಬದಿಯಲ್ಲಿ ಬರೆದು ಮಾಲೀಕರಿಗೆ ಕೊಟ್ಟಿದ್ದಾರೆ, ಗಾಡಿ ನಾಳೆ ಬೇರೆ ಯಾರ ಕೈಗೆ ಹೋದರೂ ಅವರು ಮೊದಲು ಅದನ್ನು ಓದಲೆಂದು. ಮುಂಭಾಗದ ಒಂದು ರಂಧ್ರದ ಥ್ರೆಡ್ ಬಗ್ಗೆ ನಮ್ಮಿಬ್ಬರಿಗೂ ಒಮ್ಮತವಿಲ್ಲ. ಇನ್ನೊಂದು ಸಲ ಬಿಚ್ಚುವವರೆಗೆ ತಡೆಯುತ್ತದೆ ಎಂದು ಅವರು, ಮುಂದಿನ ಬಾರಿಯೇ ಅಲ್ಲಿಗೂ ಸುರುಳಿ ಹಾಕಬೇಕೆಂದು ನಾನು.